ಕುಕ್ಕಪ್ಪ ಗೌಡರ ನಾಲ್ಕು ದೀಪ

ಕುಕ್ಕಪ್ಪ ಗೌಡರಿಗೆ ಕೇಳಿ ಪಡೆಯುವ ವಿದ್ಯೆಯೊಂದನ್ನು ಬಿಟ್ಟು ಮಿಕ್ಕ ವಿದ್ಯೆಗಳೆಲ್ಲ ಬರುತ್ತಿದ್ದವು. ಪಂಪು ಬಿಚ್ಚಿ ಜೋಡಿಸುತ್ತಿದ್ದರು. ದನಕ್ಕೆ ಹೆರಿಗೆ ಮಾಡಿಸುತ್ತಿದ್ದರು. ಜೀಪಿನ ಶಬ್ದ ಕೇಳಿಯೇ ಅದಕ್ಕೆ ಬಂದ ಕಾಯಿಲೆ ಹೇಳುತ್ತಿದ್ದರು. ಆದರೆ ಇನ್ನೊಬ್ಬ ಮನುಷ್ಯನ ಎದುರು ನಿಂತು 'ನನಗೆ ಇಂಥದ್ದು ಬೇಕು' ಎಂದು ಹೇಳಬೇಕಾಗಿ ಬಂದರೆ ಮುಗಿಯಿತು, ಅವರ ನಾಲಿಗೆ ಒಣಗಿ ತೆಂಗಿನ ನಾರಾಗುತ್ತಿತ್ತು. ಕೆಟ್ಟ ಮಿಕ್ಸಿಯನ್ನು ಹಿಂದಿರುಗಿಸಲು ಕಡಬ ಪೇಟೆಗೆ ಹೋದವರು ಆ ಮಿಕ್ಸಿಯ ಜೊತೆಗೆ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಹೊತ್ತುಕೊಂಡು ಬಂದಿದ್ದರು. ನೆರೆಮನೆಗೆ ಎರವಲು ಕೊಟ್ಟ ಏಣಿಯನ್ನು ಕೇಳಲು ಹೋದವರು ಮರುದಿನ ಅದೇ ಮನೆಗೆ ಹಗ್ಗವನ್ನೂ ತಲುಪಿಸಿ ಬಂದರು. ಅವರ ಹೆಂಡತಿ ಸೇವಂತಿ ಬಹಳ ಹಿಂದೆಯೇ ತಮ್ಮ ಪ್ರಶ್ನೆಯನ್ನು ಬದಲಾಯಿಸಿಕೊಂಡಿದ್ದರು.

"ಹೋದ ಕೆಲಸ ಆಯ್ತಾ ಅಂತ ನಾನು ಕೇಳುದಿಲ್ಲ. ಎಂತ ಕೊಟ್ಟು ಬಂದಿರಿ ಹೇಳಿ, ಸಾಕು."

ಇಂಥ ಕುಕ್ಕಪ್ಪ ಗೌಡರು ಹೇಳಿದ್ದನ್ನು ಮರುಮಾತಿಲ್ಲದೆ ಕೇಳುವವರೂ ಈ ಭೂಮಿಯ ಮೇಲೆ ಇದ್ದರು. ಅವು ಮಂಗಗಳು. ಗೌಡರ ಮನೆ ಇಚಿಲಂಪಾಡಿಯಿಂದ ಆಚೆ, ರಕ್ಷಿತಾರಣ್ಯಕ್ಕೆ ತಾಗಿಕೊಂಡು ಇತ್ತು. ದಿನಾ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಂದು ದೊಡ್ಡ ಮಂಗನ ಹಿಂದೆ ಮೂವತ್ತು ಮಂಗಗಳು ತೆಂಗಿನ ಮರಗಳಿಗೆ ಬರುತ್ತಿದ್ದವು. ಗೌಡರು ಒಳಗೆ ಹೋಗಿ, ಚಾವಡಿಯ ಗೋಡೆಯ ಮೇಲಿದ್ದ ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿಯನ್ನು ತಂದು, ಅಂಗಳದ ನಡುವೆ ನಿಂತು, ಹೆಗಲಿಗೆ ಒತ್ತಿ, ಎಡಗಣ್ಣು ಮುಚ್ಚುತ್ತಿದ್ದರು. ದೊಡ್ಡ ಮಂಗ ಒಮ್ಮೆ ಕೆಮ್ಮುತ್ತಿತ್ತು. ಮೂವತ್ತೂ ಸಾಲಾಗಿ ಕಾಡಿಗೆ ವಾಪಸಾಗುತ್ತಿದ್ದವು. ಕೋವಿಯಿಂದ ಈಡು ಹಾರಿ ಹತ್ತೊಂಬತ್ತು ವರ್ಷವಾಗಿತ್ತೆಂಬುದು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಗೆ ಅಡ್ಡಬರುತ್ತಿದ್ದದ್ದು ಪ್ರಜಾಪ್ರಭುತ್ವ. ಚುನಾವಣೆ ಘೋಷಣೆಯಾದ ಕೂಡಲೇ ಕೋವಿ ಇರುವವರೆಲ್ಲ ಅದನ್ನು ಪೊಲೀಸು ಠಾಣೆಯಲ್ಲಿ ಠೇವಣಿ ಇಡಬೇಕು, ಎಣಿಕೆ ಮುಗಿದ ಮೇಲೆ ತರಬೇಕು. ಕಳೆದ ಚುನಾವಣೆಯಲ್ಲಿ ಗೌಡರ ಕೋವಿ ನಲವತ್ತೆಂಟು ದಿನ ಠಾಣೆಯಲ್ಲಿತ್ತು. ಮಂಗಗಳು ಮರದಲ್ಲಿ ಒಂದೇ ಒಂದು ಬೊಂಡವನ್ನೂ, ಎಂದರೆ ಎಳನೀರಿನ ಕಾಯಿಯನ್ನೂ ಉಳಿಸಲಿಲ್ಲ. ಕೊಕ್ಕೊ ಕಾಯಿಗಳನ್ನು ಒಡೆದು, ತಿಂದು, ಸಿಪ್ಪೆಯನ್ನು ಅಂಗಳಕ್ಕೇ ಎಸೆದವು. ಕೊನೆಯ ವಾರದಲ್ಲಂತೂ ದೊಡ್ಡ ಮಂಗ ಅಡುಗೆಮನೆಗೆ ಬಂದು, ರುಬ್ಬುವ ಕಲ್ಲಿನ ಮೇಲೆ ಕೂತು, ಸೇವಂತಿಯ ಕಣ್ಣೆದುರಿಗೇ ನೀರುದೋಸೆ ತಿಂದು ಹೋಯಿತು. ಸೇವಂತಿ ಇದನ್ನು ಮರೆತಿರಲಿಲ್ಲ.

ಈಗ ಪಂಚಾಯತು ಚುನಾವಣೆ ಬಂತು. ಠಾಣೆಯಿಂದ ನೋಟೀಸೂ ಬಂತು. ಕೆಳಗೆ ಒಂದು ಸಾಲಿತ್ತು: ವಿನಾಯಿತಿ ಬೇಕಾದವರು ಇಂಥ ದಿನ ಖುದ್ದಾಗಿ ಬಂದು ಕಾರಣ ಹೇಳಬೇಕು.

"ಈ ಸಲ ಹೋಗಿ ಕೇಳಿ," ಎಂದರು ಸೇವಂತಿ. "ಕೋವಿ ಹೋದ್ರೆ ಈ ವರ್ಷ ಒಂದು ಕಾಯಿಯೂ ಮನೆಗೆ ಬರುದಿಲ್ಲ. ಇನ್ನೊಮ್ಮೆ ಆ ಮಂಗ ನನ್ನ ದೋಸೆ ತಿನ್ನುದನ್ನು ನಾನು ನೋಡ್ಲಿಕ್ಕಿಲ್ಲ. ತವರಿಗೆ ಹೋಗ್ತೇನೆ."

ಬೇರೆ ಸಮಯದಲ್ಲಾಗಿದ್ದರೆ ಗೌಡರು ಇಷ್ಟಕ್ಕೇ ಬೆವರುತ್ತಿದ್ದರು. ಆದರೆ ಈ ಸಲ ಅವರು ಮೀಸೆ ನೇವರಿಸಿಕೊಂಡು ಮುಗುಳ್ನಕ್ಕರು. ಅದಕ್ಕೆ ಕಾರಣವಿತ್ತು.

ಮಗಳು ದೀಪ್ತಿ ಪುತ್ತೂರಿನಲ್ಲಿ ಕಾಲೇಜು ಓದುವವಳು, ಮೂರು ವಾರದ ಹಿಂದೆ ಕುಂಬ್ರದ ಹತ್ತಿರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಗೆ ಬಂದಿದ್ದಳು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಡಬದ ಜಾಸಿರನ ಮೆಡಿಕಲ್ಲಿನಿಂದ ಬಾಡಿಗೆಗೆ ತಂದ ಊರುಗೋಲನ್ನು ಪಕ್ಕಕ್ಕೆ ಒರಗಿಸಿ, ಇಡೀ ದಿನ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಆಡುತ್ತಿದ್ದಳು. ನೀಲಕೋಟೆ ಎಂಬ ರಾಜ್ಯ. ಅದರಲ್ಲಿ ಕತ್ತಿ, ಕುದುರೆ, ರೆಕ್ಕೆಯಿರುವ ಹಾವು ಎಲ್ಲ ಇದ್ದವು. ಕೋಟೆಯ ಬಾಗಿಲಲ್ಲಿ ಕೆಂಪು ಗಡ್ಡದ ಕಾವಲುಗಾರನೊಬ್ಬ ನಿಂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ದೀಪ್ತಿ ಅವನನ್ನು ಕತ್ತಿಯಿಂದ ಹೊಡೆದಳು. ಕೂಡಲೇ ನಲವತ್ತು ಸೈನಿಕರು ಬಂದು ಅವಳನ್ನು ಹೊಡೆದರು.

"ಅವನ ಹತ್ತಿರ ಮಾತಾಡಿ ನೋಡ್ಬಹುದಿತ್ತಲ್ಲ," ಎಂದರು ಗೌಡರು, ಬಾಗಿಲ ಬಳಿ ನಿಂತು.

"ಮಾತಾಡ್ಲಿಕ್ಕೂ ಉಂಟು ಅಪ್ಪ. ಅದು ಇನ್ನೂ ಕಷ್ಟ. ಬೇಕಾದ್ರೆ ನೀವೇ ಮಾಡಿ."

ಕಾವಲುಗಾರನೊಡನೆ ಮಾತಿಗೆ ನಿಂತರೆ ಪರದೆಯ ಮೇಲೆ ನಾಲ್ಕು ದೀಪ ಮೂಡುತ್ತಿದ್ದವು. ಒಂದರ ಕೆಳಗೆ ಹಾರದ ಚಿತ್ರ, ಅದು ಹೊಗಳಿಕೆ. ಒಂದರ ಕೆಳಗೆ ನವಿಲು, ಅದು ಬಡಾಯಿ. ಮೂರನೆಯದು ಮುಖವಾಡ, ಅದು ತಮಾಷೆ. ನಾಲ್ಕನೆಯದು ದೊಣ್ಣೆ, ಅದು ಬೆದರಿಕೆ. ದೀಪದ ಕುಡಿ ಒಮ್ಮೆ ದೊಡ್ಡದಾಗಿ ಒಮ್ಮೆ ಸಣ್ಣದಾಗಿ ಉರಿಯುತ್ತಿತ್ತು. ಪ್ರತಿಯೊಬ್ಬನಿಗೂ ನಾಲ್ಕರಲ್ಲಿ ಎರಡು ಇಷ್ಟ, ಎರಡು ಆಗುವುದಿಲ್ಲ. ಇಷ್ಟವಾದದ್ದನ್ನು ಕುಡಿ ದೊಡ್ಡದಿರುವಾಗ ಮುಟ್ಟಬೇಕು, ಆಗದ್ದನ್ನು ಕುಡಿ ಸಣ್ಣದಿರುವಾಗ. ಎಲ್ಲಕ್ಕಿಂತ ಮುಖ್ಯ ನಿಯಮವೆಂದರೆ ನಾಲ್ಕನ್ನೂ ಮುಟ್ಟಲೇಬೇಕು. ನಾಲ್ಕೂ ಮುಗಿಯದೆ ಮಾತಿನಿಂದ ಹೊರಗೆ ಬರುವ ಹಾಗೆಯೇ ಇಲ್ಲ.

ಗೌಡರು ಊಟದ ನಂತರ ಒಂದು ಗಂಟೆ ಮಲಗುವ ರೂಢಿಯನ್ನು ಬಿಟ್ಟು ಇದಕ್ಕೆ ಕೂತರು. ಮೊದಲ ದಿನ ಕಾವಲುಗಾರ ಅವರನ್ನು ಹನ್ನೊಂದು ಸಲ ಕೆಸರಿಗೆ ದೂಡಿದ. ನಾಲ್ಕನೇ ದಿನ ಅವನ ಹುಬ್ಬು ಏರಿದರೆ ಎಂತ, ಇಳಿದರೆ ಎಂತ ಎಂಬುದು ಗೌಡರಿಗೆ ತಿಳಿಯಿತು. ಒಂಬತ್ತನೇ ದಿನ ಬಾಗಿಲು ತೆರೆಯಿತು. ಹದಿನೇಳನೇ ದಿನಕ್ಕೆ ಕಮ್ಮಾರ, ಗ್ರಂಥಪಾಲಕ, ರಾಣಿಯ ಅಡುಗೆಯವ, ಖಜಾನೆ ಕಾಯುವ ಕುಳ್ಳ, ಎಲ್ಲರೂ ಗೌಡರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಐವತ್ತಾರು ವರ್ಷದಲ್ಲಿ ಮೊದಲ ಸಲ ಜನ ಅವರಿಗೆ ಆಗುವುದಿಲ್ಲ ಎನ್ನದೆ ಹೂಂ ಎಂದಿದ್ದರು. ಆ ಜನ ನಿಜವಾದವರಲ್ಲ ಎಂಬುದು ಸಣ್ಣ ವಿಷಯ. ಗೌಡರ ಸಂತೋಷ ಮಾತ್ರ ನಿಜವಾದದ್ದೇ.

ಅವರು ಒಂದು ನೋಟ್‌ಪುಸ್ತಕ ಇಟ್ಟಿದ್ದರು. ಮೊದಲ ಪುಟಗಳಲ್ಲಿ ನೀಲಕೋಟೆಯವರ ಹೆಸರು, ಎದುರಿಗೆ ಹಾರ, ನವಿಲು, ಮುಖವಾಡ, ದೊಣ್ಣೆ, ಯಾವುದು ಇಷ್ಟ, ಯಾವುದು ಎಷ್ಟು. ನೋಟೀಸು ಬಂದ ದಿನ ಗೌಡರು ಹೊಸ ಪುಟ ತೆರೆದು ಊರಿನವರ ಹೆಸರು ಬರೆಯತೊಡಗಿದರು.

ಮೊದಲ ಪರೀಕ್ಷೆ ಹಾಲಿನ ಸೊಸೈಟಿಯಲ್ಲಿ ನಡೆಯಿತು. ಅಲ್ಲಿ ಹಾಲು ಅಳೆಯುವ ಸತ್ಯವತಿ ಏಳೂವರೆಗೆ ಬಾಗಿಲು ಹಾಕಿದರೆ ಮುಗಿಯಿತು, ಯಾರು ಬಂದರೂ ತೆರೆಯುವವರಲ್ಲ. ಗೌಡರು ಬೇಕೆಂದೇ ಎಂಟು ಗಂಟೆಗೆ ಹಾಲಿನ ಕ್ಯಾನು ಹಿಡಿದುಕೊಂಡು ಹೋದರು. ಸತ್ಯವತಿ ಕಿಟಕಿಯಿಂದ ನೋಡಿದರು.

"ಸತ್ಯವತಿ, ನಿಮ್ಮ ಅಕ್ಷರ ಎಷ್ಟು ಚಂದ ಮಾರಾಯ್ರೆ. ಮುತ್ತು ಪೋಣಿಸಿದ ಹಾಗೆ ಉಂಟು."

"ನಾನು ಅಕ್ಷರ ಎಲ್ಲಿ ಬರೆಯುದು? ಬರೀ ಲೀಟರು ಬರೆಯುದು."

ಗೌಡರು ಅಳುಕಲಿಲ್ಲ. ಹಾರ ಮುಗಿಯಿತು, ಮುಂದೆ ನವಿಲು. "ನಮ್ಮ ಅಜ್ಜ ಹುಲಿಯ ಎದುರು ನಿಂತವರು. ಹುಲಿಯೇ ದಾರಿ ಬಿಟ್ಟಿತಂತೆ."

ಸತ್ಯವತಿ ಗೋಡೆಯ ಗಡಿಯಾರ ನೋಡಿದರು.

"ನಮ್ಮ ದನಕ್ಕೆ ಗಡಿಯಾರ ನೋಡ್ಲಿಕ್ಕೆ ಬರುದಿಲ್ಲ. ಕಲಿಸುವ ಅಂತ ಇದ್ದೇನೆ. ಮೊದಲು ಚಿಕ್ಕ ಮುಳ್ಳು."

ಉಳಿದದ್ದು ದೊಣ್ಣೆ. ಗೌಡರು ಸ್ವರ ಇಳಿಸಿ, ಕುಡಿ ಸಣ್ಣದು ಮಾಡಿಕೊಂಡು ಹೇಳಿದರು. "ತೆಗೊಳ್ಳದಿದ್ರೆ ಇದಿಷ್ಟನ್ನೂ ಇಲ್ಲೇ ನಿಂತು ಕುಡಿದು ಹೋಗ್ತೇನೆ. ಆಮೇಲೆ ನನಗೆ ಎಂತಾದ್ರೂ ಆದ್ರೆ ನೀವೇ."

ಸತ್ಯವತಿ ಬಾಗಿಲು ತೆರೆದು ಹಾಲು ತೆಗೆದುಕೊಂಡರು. ಆ ದಿನ ಹಾಲಿನ ವ್ಯಾನು ದಾರಿಯಲ್ಲಿ ಪಂಕ್ಚರಾಗಿ ಇನ್ನೂ ಬಂದಿರಲಿಲ್ಲ, ಯಾರು ಬಂದಿದ್ದರೂ ತೆಗೆದುಕೊಳ್ಳುತ್ತಿದ್ದರು. ಗೌಡರಿಗೆ ಇದನ್ನು ಯಾರೂ ಹೇಳಲಿಲ್ಲ. ಅವರು ಖಾಲಿ ಕ್ಯಾನನ್ನು ಆಡಿಸುತ್ತಾ ಹೋದ ಮೇಲೆ ಸತ್ಯವತಿ ಬಹಳ ಹೊತ್ತು ಯೋಚಿಸಿದರು. ಮೂವತ್ತು ವರ್ಷದಿಂದ 'ಹಾಲು' ಎಂಬ ಎರಡಕ್ಷರ ಬಿಟ್ಟು ಬೇರೇನೂ ಮಾತಾಡದ ಮನುಷ್ಯ ಒಂದೇ ಉಸಿರಿಗೆ ಹೊಗಳಿ, ಅಜ್ಜನ ಹೆಸರು ಹೇಳಿ, ನಗಿಸಲು ನೋಡಿ, ಕೊನೆಗೆ ಹೆದರಿಸಿ ಹೋದ. ಚುನಾವಣೆ ಬೇರೆ ಬಂದಿದೆ. ಇದಕ್ಕೆ ಒಂದೇ ಅರ್ಥ ಇರಲು ಸಾಧ್ಯ.

"ಕುಕ್ಕಪ್ಪಣ್ಣ ಈ ಸಲ ಮೆಂಬರಿಗೆ ನಿಲ್ತಾರೆ," ಎಂದು ಅವರು ಸಂಜೆ ಹಾಲು ತಂದವರಿಗೆಲ್ಲ ಹೇಳಿದರು.

ಆಮೇಲಿನ ದಿನಗಳಲ್ಲಿ ಗೌಡರ ಅಭ್ಯಾಸ ಎಲ್ಲಿ ನಡೆದರೂ ಈ ಮಾತಿಗೆ ಸಾಕ್ಷಿ ಸಿಗುತ್ತಾ ಹೋಯಿತು. ರೇಷನ್ ಅಂಗಡಿಯ ಸಾಲಿನಲ್ಲಿ ಹೊಗಳಿದರು, ಬಸ್ಸಿನಲ್ಲಿ ಬಡಾಯಿ ಕೊಚ್ಚಿದರು, ಸಾವಿನ ಮನೆಯಲ್ಲಿ ಮುಖವಾಡ ಬಾಕಿಯಾಗಿದ್ದರಿಂದ ತಮಾಷೆ ಮಾಡಿದರು. ಹಿಂದಿನ ಮೆಂಬರು ಕೂಡ ಸಾವಿನ ಮನೆಯಲ್ಲಿ ಹೀಗೆಯೇ ಮಾಡಿದ್ದರೆಂದು ಹಿರಿಯರೊಬ್ಬರು ನೆನಪಿಸಿಕೊಂಡರು. ಕೇಳಿದವರಿಗೆಲ್ಲ ಗೌಡರು 'ನಾನು ನಿಲ್ಲುದಿಲ್ಲ' ಎಂದೇ ಹೇಳಿದರು. ನಿಲ್ಲುವವರೆಲ್ಲ ಮೊದಲು ಹೇಳುವ ಮಾತು ಇದೇ ಆದ್ದರಿಂದ ಊರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ನೆರೆಮನೆಯ ಚನಿಯಪ್ಪ, ಏಣಿ ಮತ್ತು ಹಗ್ಗ ಎರಡನ್ನೂ ಇಟ್ಟುಕೊಂಡವರು, ಒಂದು ಸಂಜೆ ಜಗಲಿಗೆ ಬಂದು ಕೂತರು. ಅವರಿಗೂ ಕೋವಿಯಿತ್ತು, ಅವರ ಮರಗೆಣಸಿಗೂ ಕಾಡುಹಂದಿ ಬರುತ್ತಿತ್ತು.

"ಈ ಸಲ ನಾನು ವಿನಾಯಿತಿ ತೆಗೊಂಡೇ ಬರುದು," ಎಂದರು ಗೌಡರು. ಚನಿಯಪ್ಪನಿಗೆ ನವಿಲು ಇಷ್ಟವೆಂದು ಪುಸ್ತಕದಲ್ಲಿ ಬರೆದಿದ್ದರಿಂದ ಕುಡಿಯನ್ನು ದೊಡ್ಡದೇ ಮಾಡಿದರು. "ಎಸ್‌ಐ ಅಲ್ಲ, ಎಸ್‌ಪಿ ಇದ್ರೂ ಅಷ್ಟೇ. ಎದುರಿನವರ ಹುಬ್ಬು ನೋಡಿದ್ರೆ ಸಾಕು ನನಗೆ, ಒಳಗಿನ ವಿಷಯ ಗೊತ್ತಾಗ್ತದೆ."

ಚನಿಯಪ್ಪ ತಮ್ಮ ಹುಬ್ಬನ್ನು ಒಮ್ಮೆ ಮುಟ್ಟಿಕೊಂಡರು. "ಹಾಗಾದ್ರೆ ನಮ್ಮದ್ದೂ ನೀವೇ ಮಾತಾಡಿ. ಆಚೆಕರೆಯವರು ಮೂರು ಜನ ಇದ್ದಾರೆ, ಅವರದ್ದೂ. ಮುಂದೆ ಮೆಂಬರಾಗುವವರು ಇಷ್ಟಾದ್ರೂ ಮಾಡ್ಬೇಕಲ್ಲ."

ಹೀಗೆ ಒಂದು ಕೋವಿಯ ಜವಾಬ್ದಾರಿ ಐದು ಕೋವಿಗೆ ಏರಿತು. ಗೌಡರು ರಾತ್ರಿಯ ಊಟಕ್ಕೆ ಎರಡು ತುತ್ತು ಕಡಿಮೆ ಉಂಡರು. ಆದರೂ ಅವರು ಹೆದರಲಿಲ್ಲ.

ಹೆದರಿದವನು ಮೋಕ್ಷಿತ್. ಈತ ಮೋರಿ, ಚರಂಡಿಗಳ ಗುತ್ತಿಗೆದಾರ. ಈ ವಾರ್ಡಿನಿಂದ ಅವಿರೋಧವಾಗಿ ಆಯ್ಕೆಯಾಗಬೇಕೆಂದು ಎರಡು ವರ್ಷದಿಂದ ಎಲ್ಲರ ಮನೆಯ ಮದುವೆಗೂ ಹೋಗಿ ಬಡಿಸಿದ್ದ. ಹೊಸ ಸುದ್ದಿ ಕೇಳಿದ ಮರುದಿನವೇ ಬೈಕು ಹತ್ತಿ ಬಂದ. ಗೌಡರು ಚಾವಡಿಯಲ್ಲಿ ಕೋವಿಯನ್ನು ಮಡಿಲಲ್ಲಿಟ್ಟು ಎಣ್ಣೆಬಟ್ಟೆಯಿಂದ ಒರಸುತ್ತಿದ್ದರು. ಮೇಜಿನ ಮೇಲೆ ನೋಟ್‌ಪುಸ್ತಕ ತೆರೆದೇ ಇತ್ತು.

"ಗೌಡ್ರೆ, ಈ ಊರಲ್ಲಿ ನಿಮ್ಮಷ್ಟು ಮರ್ಯಾದಸ್ಥರು ಯಾರಿದ್ದಾರೆ ಹೇಳಿ," ಎಂದು ಮೋಕ್ಷಿತ್ ಶುರುಮಾಡಿದ.

ಗೌಡರ ಕೈ ನಿಂತಿತು. ಹಾರ, ಎಂದುಕೊಂಡರು.

"ನಾನು ಸಣ್ಣವ. ಆದ್ರೂ ನನ್ನ ಕೈಯಲ್ಲಿ ಎಷ್ಟು ಕೆಲಸ ಆಗಿದೆ ನೋಡಿ. ಏಳು ಮೋರಿ. ಜಿಲ್ಲೆಯಲ್ಲೇ ಇಷ್ಟು ಮೋರಿ ಯಾರೂ ಮಾಡ್ಲಿಲ್ಲ."

ನವಿಲು. ಗೌಡರು ಮುಂದಕ್ಕೆ ಬಾಗಿದರು.

"ಒಂದು ಮೋರಿ ಮಳೆಗೆ ಹೋಯ್ತು, ಅದು ಈಜು ಕಲೀಲಿಕ್ಕೆ ಹೋದದ್ದು." ಮೋಕ್ಷಿತ್ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, ಕುರ್ಚಿ ಎಳೆದು ಹೇಳಿದ. "ಆದ್ರೆ ಗೌಡ್ರೆ, ನಾಮಪತ್ರ ಹಾಕ್ಬೇಡಿ. ಹಾಕಿದ್ರೆ ನಿಮ್ಮ ಮನೆಗೆ ಬರುವ ದಾರಿ ಹಾಗೆಯೇ ಉಳಿಯುದು. ಮಳೆಗಾಲದಲ್ಲಿ ದೋಣಿ ಇಟ್ಕೊಳ್ಳಿ."

ಗೌಡರ ಮುಖದಲ್ಲಿ ಅಪಾರ ಆನಂದ ಕಾಣಿಸಿತು. ಇಡೀ ಊರಿನಲ್ಲಿ ತನ್ನೊಬ್ಬನಿಗೇ ಗೊತ್ತೆಂದುಕೊಂಡಿದ್ದ ವಿದ್ಯೆಯನ್ನು ಇನ್ನೊಬ್ಬ ಬಲ್ಲವನು ಎದುರಿಗೆ ಕೂತಿದ್ದ. ಅವರು ಕೋವಿಯನ್ನು ಹಾಗೆಯೇ ಹಿಡಿದುಕೊಂಡು, ಮೇಷ್ಟ್ರ ಸ್ವರದಲ್ಲಿ ಹೇಳಿದರು.

"ನಾಲ್ಕೂ ಮಾಡಿದ್ದೀಯ, ಒಳ್ಳೆದು. ಕ್ರಮವೂ ಸರಿ ಉಂಟು. ಆದ್ರೆ ಬೆದರಿಕೆ ದೊಡ್ಡದಾಯ್ತು ಮೋಕ್ಷಿತ್. ಅದನ್ನು ಸಣ್ಣದಿರುವಾಗ ಮುಟ್ಬೇಕು. ನೀನು ಅವಸರ ಮಾಡಿದೆ. ಬೇಕಾದ್ರೆ ಹೊರಗೆ ಹೋಗಿ ಬಂದು ಇನ್ನೊಮ್ಮೆ ಮಾಡು, ನಾನು ನೋಡ್ತೇನೆ."

ಬೆದರಿಕೆಗೆ ಬೈದವರಿದ್ದರು, ಹೆದರಿದವರಿದ್ದರು, ತಿದ್ದಿದವರು ಯಾರೂ ಇರಲಿಲ್ಲ. "ನಿಮಗೆ ಎಂತ ಬೇಕು ಗೌಡ್ರೆ? ಸೀದಾ ಹೇಳಿ."

"ನನಗೆ ಎಂತ ಬೇಡ ಮಾರಾಯ. ಚುನಾವಣೆ ಮುಗಿಯುವವರೆಗೆ ಈ ಕೋವಿ ನನ್ನ ಕೈಯಲ್ಲಿದ್ರೆ ಸಾಕು."

ಸೇವಂತಿ ಬೆಲ್ಲ, ನೀರು ತಂದಿಟ್ಟರು. ಗೌಡರು ಕೈತೊಳೆಯಲು ಎದ್ದಾಗ ಮೋಕ್ಷಿತನ ಕಣ್ಣು ನೋಟ್‌ಪುಸ್ತಕದ ಮೇಲೆ ಬಿತ್ತು. ವಾರ್ಡಿನ ಮತದಾರರ ಹೆಸರುಗಳು ಸಾಲಾಗಿದ್ದವು. ಕೆಲವರ ಎದುರು ಹಾರ, ಕೆಲವರ ಎದುರು ದೊಣ್ಣೆ. ತನ್ನ ಹೆಸರಿನ ಎದುರಿಗಿದ್ದ ದೊಣ್ಣೆಗೆ ಎರಡು ಗೆರೆ ಬೇರೆ ಎಳೆದಿತ್ತು. ಅವನು ಮೊಬೈಲಿನಲ್ಲಿ ಪುಟದ ಫೋಟೋ ತೆಗೆದುಕೊಂಡು, ನೀರನ್ನೂ ಕುಡಿಯದೆ ಹೊರಟ. ಬೈಕು ಮನೆಯ ಕಡೆಗೆ ಹೋಗಲಿಲ್ಲ, ಠಾಣೆಯ ಕಡೆಗೆ ಹೋಯಿತು.

ವಿಚಾರಣೆಯ ದಿನ ಗೌಡರು ಬಿಳಿ ಅಂಗಿ ಹಾಕಿ, ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಜೀಪಿನಲ್ಲಿ ಠಾಣೆಗೆ ಹೋದರು. ಚನಿಯಪ್ಪ ಮತ್ತು ಆಚೆಕರೆಯ ಮೂವರು ತಮ್ಮ ತಮ್ಮ ಅರ್ಜಿಗಳನ್ನು ಅವರ ಕೈಗೆ ಕೊಟ್ಟು ಕಿಟಕಿಯ ಹೊರಗೆ ಸಾಲಾಗಿ ನಿಂತರು. ಎಸ್‌ಐ ರಮ್ಯಶ್ರೀ ಮೂವತ್ತರ ಆಸುಪಾಸಿನವರು. ಅವರ ಹುಬ್ಬುಗಳು ಬಹಳ ನೇರವಾಗಿದ್ದವು. ಗೌಡರು ಅದನ್ನು ನೋಡಿ ಸ್ವಲ್ಪ ಕಸಿವಿಸಿಗೊಂಡರು. ನೀಲಕೋಟೆಯಲ್ಲಿ ಇಂಥ ಹುಬ್ಬು ಇರಲಿಲ್ಲ.

"ಹೇಳಿ," ಎಂದರು ರಮ್ಯಶ್ರೀ.

"ಮೇಡಂ, ನೀವು ಬಂದ ಮೇಲೆ ಈ ಠಾಣೆಗೆ ಒಂದು ಲಕ್ಷಣ ಬಂತು. ಅಂಗಳದ ದಾಸವಾಳ ಸಹ ಮೊದಲು ಇಷ್ಟು ಆಗ್ತಿರಲಿಲ್ಲ."

"ನಾನು ಬಂದು ನಾಲ್ಕು ದಿನ ಆಯ್ತು."

ಹುಬ್ಬು ಅಲ್ಲಾಡಲಿಲ್ಲ. ಗೌಡರು ಬೆವರು ಒರಸಿಕೊಂಡು ಅಜ್ಜನನ್ನೂ ಹುಲಿಯನ್ನೂ ಕರೆತಂದರು. ಹುಲಿಯನ್ನು ಬೇಟೆಯಾಡಿದ್ದರೇ ಎಂದು ರಮ್ಯಶ್ರೀ ಕೇಳಿದರು. ಮೂಲೆಯಲ್ಲಿ ಕೂತ ಪೇದೆ ಬರೆದುಕೊಳ್ಳಲು ಪೆನ್ನು ತೆರೆದ. ಇಲ್ಲ, ಹುಲಿಯೇ ದಾರಿ ಬಿಟ್ಟದ್ದು, ಅಜ್ಜ ಆ ಹೊತ್ತಿಗೆ ಮರದ ಮೇಲಿದ್ದರು ಎಂದು ಗೌಡರು ನವಿಲನ್ನು ಅವಸರದಲ್ಲಿ ಹಿಂದಕ್ಕೆ ತೆಗೆದುಕೊಂಡರು. ತಮಾಷೆಗೆ ದನ ಮತ್ತು ಗಡಿಯಾರವನ್ನೇ ಹೇಳಿದರು. ಪೇದೆಗೆ ನಗು ಬಂತು. ರಮ್ಯಶ್ರೀ ಅವನನ್ನು ನೋಡಿದರು. ಅವನಿಗೆ ಬಂದ ನಗು ಹೋಯಿತು.

ಈಗ ಉಳಿದದ್ದು ದೊಣ್ಣೆಯೊಂದೇ. ಪೊಲೀಸು ಠಾಣೆಯಲ್ಲಿ, ಎಸ್‌ಐ ಎದುರಿಗೆ, ಪಕ್ಕದಲ್ಲಿ ಕೋವಿ ಇ‌ಟ್ಟುಕೊಂಡು ಬೆದರಿಕೆ ಹಾಕುವುದು ಒಳ್ಳೆಯದಲ್ಲ ಎಂಬಷ್ಟು ತಿಳಿವಳಿಕೆ ಗೌಡರಿಗಿತ್ತು. ಆದರೆ ನಾಲ್ಕೂ ಮುಗಿಯದೆ ಹೊರಗೆ ಬರುವ ಹಾಗಿಲ್ಲವಲ್ಲ. ಅವರು ಕಣ್ಣುಮುಚ್ಚಿ, ಕುಡಿಯನ್ನು ಎಷ್ಟು ಸಣ್ಣದು ಮಾಡಲು ಸಾಧ್ಯವೋ ಅಷ್ಟು ಸಣ್ಣದು ಮಾಡಿ, ಉಸಿರಿನಲ್ಲೇ ಹೇಳಿದರು.

"ವಿನಾಯಿತಿ ಕೊಡದಿದ್ರೆ... ನನಗೆ ತುಂಬ ಬೇಜಾರಾಗ್ತದೆ ಮೇಡಂ."

ಪೇದೆ ಬರೆದುಕೊಂಡ. ಅರ್ಜಿದಾರರು ಬೇಜಾರಾಗುವುದಾಗಿ ಬೆದರಿಕೆ ಹಾಕಿರುತ್ತಾರೆ.

ರಮ್ಯಶ್ರೀ ಮೇಜಿನ ಮೇಲಿದ್ದ ಒಂದು ಕಾಗದವನ್ನು ಗೌಡರ ಕಡೆಗೆ ತಿರುಗಿಸಿದರು. ಮೋಕ್ಷಿತ್ ತೆಗೆದ ಫೋಟೋವನ್ನು ದೊಡ್ಡದಾಗಿ ಮುದ್ರಿಸಿದ್ದರು.

"ಇದು ನಿಮ್ಮ ಅಕ್ಷರವಾ?"

"ಹೌದು."

"ಚನಿಯಪ್ಪ, ನವಿಲು. ಸತ್ಯವತಿ, ದೊಣ್ಣೆ ಸಣ್ಣದು. ಮೋಕ್ಷಿತ್, ದೊಣ್ಣೆ, ಎರಡು ಗೆರೆ." ರಮ್ಯಶ್ರೀ ಬೆರಳನ್ನು ಕೆಳಗೆ ತಂದರು. "ಎಸ್‌ಐ ಮೇಡಂ, ಹಾರ ದೊಡ್ಡದು, ದೊಣ್ಣೆ ಅತೀ ಸಣ್ಣದು. ನನಗೂ ದೊಣ್ಣೆ ಉಂಟಾ ಗೌಡ್ರೆ? ಚುನಾವಣೆಗೆ ನಿಲ್ಲುವವರ ಕೋವಿಗೆ ವಿನಾಯಿತಿ ಇಲ್ಲ. ದೊಣ್ಣೆ ಬಿಡಿಸಿ ಲಿಸ್ಟ್ ಮಾಡಿದವರನ್ನು ಮನೆಗೆ ಕಳಿಸ್ಬೇಕಾ ಅಂತಲೇ ನಾನು ಯೋಚನೆ ಮಾಡ್ಬೇಕಾಗ್ತದೆ."

"ನಾನು ನಿಲ್ಲುದಿಲ್ಲ ಮೇಡಂ."

"ಮತ್ತೆ ಹತ್ತು ದಿನದಿಂದ ಊರಿಡೀ ಹೊಗಳಿ, ಬಡಾಯಿ ಹೊಡೆದು, ತಮಾಷೆ ಮಾಡಿ, ಹೆದರಿಸುದು ಎಂತಕ್ಕೆ?"

ಕಿಟಕಿಯ ಹೊರಗೆ ನಾಲ್ಕು ಮುಖಗಳು ಸರಳಿಗೆ ಒತ್ತಿಕೊಂಡವು. ಗೌಡರು ಆ ಮುಖಗಳನ್ನು ನೋಡಿದರು. ಆಮೇಲೆ ನೆಲ ನೋಡಿದರು. ಜೀವಮಾನದಲ್ಲಿ ಅವರು ಅಷ್ಟು ನಾಚಿಕೊಂಡದ್ದಿಲ್ಲ. ಮಗಳ ಲ್ಯಾಪ್‌ಟಾಪು, ಕೆಂಪು ಗಡ್ಡದ ಕಾವಲುಗಾರ, ನಾಲ್ಕು ದೀಪ, ರಾಣಿಯ ಅಡುಗೆಯವ ತನ್ನನ್ನು ಕಂಡರೆ ಎದ್ದು ನಿಲ್ಲುವುದು, ಎಲ್ಲವನ್ನೂ ಹೇಳಿದರು. ಹೇಳುವಾಗ ಹಾರವೂ ನೆನಪಾಗಲಿಲ್ಲ, ನವಿಲೂ ನೆನಪಾಗಲಿಲ್ಲ. "ನನಗೆ ಕೇಳ್ಲಿಕ್ಕೆ ಗೊತ್ತಿಲ್ಲ ಮೇಡಂ. ಅದಕ್ಕೇ ಕಲಿತದ್ದು," ಎಂದು ಮುಗಿಸಿದರು.

ರಮ್ಯಶ್ರೀ ಬೆಡ್‌ಶೀಟು ಬಿಚ್ಚಿಸಿ ಕೋವಿಯನ್ನು ಎತ್ತಿಕೊಂಡರು. ಮೊಬೈಲಿನ ಬೆಳಕು ಹಾಕಿ ನಳಿಗೆಯೊಳಗೆ ನೋಡಿದರು. ಹೊರಗೆಲ್ಲ ಎಣ್ಣೆ ಹಾಕಿ ಫಳಫಳ ಮಾಡಿದ್ದ ಕೋವಿಯ ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ ನಳಿಗೆಯನ್ನು ಭದ್ರವಾಗಿ ಮುಚ್ಚಿತ್ತು.

"ಇದ್ರಲ್ಲಿ ಹೊಡೆದು ಎಷ್ಟು ವರ್ಷ ಆಯ್ತು?"

"ಅಪ್ಪ ಹೋದ ಮೇಲೆ ಹೊಡೀಲಿಲ್ಲ. ಹತ್ತೊಂಬತ್ತು ವರ್ಷ. ಬರೀ ತೋರಿಸುದು ಮೇಡಂ."

"ಹೊಡೆಯದ ಕೋವಿಗೆ ವಿನಾಯಿತಿ ಎಂತಕ್ಕೆ?"

"ಅದು ಮಂಗಗಳಿಗೆ ಗೊತ್ತಿಲ್ಲ."

ಆ ನೇರವಾದ ಹುಬ್ಬು ಆಗ ಒಂದು ಸಲ, ಕೂದಲೆಳೆಯಷ್ಟು, ಮೇಲೆ ಹೋಯಿತು. ರಮ್ಯಶ್ರೀ ಮುಖ ತಿರುಗಿಸಿ ಕೆಮ್ಮಿದರು. ಆಮೇಲೆ ಐದು ಅರ್ಜಿಗಳನ್ನೂ ಓದಿದರು. ಚನಿಯಪ್ಪನ ಅರ್ಜಿಗೆ ಹಂದಿ ಉತ್ತ ಗದ್ದೆಯ ಫೋಟೋ ಇತ್ತು. ಆಚೆಕರೆಯ ಮೂವರು 'ಹಂದಿ ಬರುತ್ತದೆ, ಕೋವಿ ಬೇಕು' ಎಂದು ಒಂದೊಂದು ಸಾಲು ಬರೆದಿದ್ದರು. ನಾಲ್ಕಕ್ಕೂ ಶಿಫಾರಸು ಬರೆದರು. ಐದನೆಯದರ ಮೇಲೆ 'ತಿರಸ್ಕರಿಸಬಹುದು' ಎಂದು ಬರೆದು ಸಹಿ ಹಾಕಿದರು.

"ಮಂಗಗಳಿಗೆ ಗೊತ್ತಿಲ್ಲ, ಸರಿ. ನನಗೆ ಗೊತ್ತಾಯ್ತಲ್ಲ ಗೌಡ್ರೆ. ಕೋವಿ ಇಲ್ಲೇ ಇರ್ಲಿ. ವಾಪಸು ಕೊಡುವಾಗ ಗೂಡು ತೆಗೆಸಿ ಕೊಡ್ತೇನೆ."

ಹೊರಗೆ ಬಂದಾಗ ಚನಿಯಪ್ಪ ಎರಡೂ ಕೈಯಿಂದ ಗೌಡರ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನಿಮ್ಮದು ಹೋದ್ರೂ ಅಡ್ಡಿಲ್ಲ ಅಂತ ನಮ್ಮದು ಉಳಿಸಿ ಕೊಟ್ರಿ ಕುಕ್ಕಪ್ಪಣ್ಣ. ಆ ಆಟದ ಕಥೆ ಕಟ್ಟಿದ್ದು ಭಾರೀ ಆಯ್ತು. ಪೊಲೀಸಿನವರ ಎದುರು ಅಷ್ಟು ಸಲೀಸಾಗಿ ಸುಳ್ಳು ಹೇಳುವವರು ನಮಗೆ ಬೇಕು. ನಾಡಿದ್ದು ನಾಮಪತ್ರಕ್ಕೆ ಕೊನೇ ದಿನ."

ಗೌಡರು ಜೀಪು ಹತ್ತಿದರು.

ಮನೆಯಲ್ಲಿ ಸೇವಂತಿ ಎಂದಿನ ಪ್ರಶ್ನೆ ಕೇಳಲಿಲ್ಲ. ಗಂಡನ ಹೆಗಲ ಮೇಲೆ ಬರೀ ಬೆಡ್‌ಶೀಟು ನೋಡಿದರು, ಎಂತ ಕೊಟ್ಟು ಬಂದರೆಂಬುದು ತಿಳಿಯಿತು. ತವರಿನ ಮಾತೆತ್ತದೆ ಒಳಗೆ ಹೋಗಿ ದೋಸೆಯ ಪಾತ್ರೆಗೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಇಟ್ಟರು. ಗೌಡರಿಗೆ ಆ ಕಲ್ಲಿನ ಸದ್ದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಮರುದಿನ ಹತ್ತು ಗಂಟೆಗೆ ಮಂಗಗಳು ಬಂದವು. ಗೌಡರು ಬರಿಗೈಯಲ್ಲಿ ಅಂಗಳಕ್ಕೆ ಹೋಗಿ ನಿಂತರು. ದೊಡ್ಡ ಮಂಗ ತೆಂಗಿನ ಗರಿಯ ಮೇಲೆ ಕೂತು ಅವರ ಕೈ ನೋಡಿತು, ಆಮೇಲೆ ಮುಖ ನೋಡಿತು. ಮುಖ ಓದುವ ವಿದ್ಯೆಯಲ್ಲಿ ಅದು ಗೌಡರಿಗಿಂತ ಬಹಳ ಮುಂದಿತ್ತು. ಕೆಮ್ಮಲಿಲ್ಲ. ಒಂದು ಬೊಂಡವನ್ನು ತಿರುಚಿ ಕಿತ್ತು, ಮೇಲಿನಿಂದಲೇ ಕಚ್ಚಿತು. ನೀರು ಗೌಡರ ಬಿಳಿ ಅಂಗಿಯ ಮೇಲೆ ಬಿತ್ತು. ಮೂವತ್ತು ಮಂಗಗಳೂ ಮರ ಹಂಚಿಕೊಂಡವು.

ಅಷ್ಟರಲ್ಲಿ ಸೇವಂತಿ ಒಳಗಿನಿಂದ ಬಂದರು. ಅವರ ಕೈಯಲ್ಲಿ ದೀಪ್ತಿಯ ಊರುಗೋಲಿತ್ತು. ಕಂಕುಳಿಗೆ ಕೊಡುವ ದಿಂಬಿನ ತುದಿಯನ್ನು ಹೆಗಲಿಗೆ ಒತ್ತಿದರು. ನಡುವಿನ ಹಿಡಿಯಲ್ಲಿ ಬೆರಳು ಮಡಚಿದರು. ಎಡಗಣ್ಣು ಮುಚ್ಚಿದರು.

ದೊಡ್ಡ ಮಂಗನ ಬಾಯಲ್ಲಿದ್ದ ಬೊಂಡ ಕೆಳಗೆ ಬಿತ್ತು. ಅದು ಒಮ್ಮೆ ಕೆಮ್ಮಿತು. ಮೂವತ್ತೂ ಸಾಲಾಗಿ ಕಾಡಿಗೆ ಹೋದವು.

"ಕೋವಿ ಠಾಣೆಯಲ್ಲಿ ಉಂಟು ಅಂತ ಅವುಕ್ಕೆ ಯಾರು ಹೇಳಿದ್ದಾರೆ?" ಎಂದು ಸೇವಂತಿ ಕೋಲನ್ನು ಗಂಡನ ಕೈಗೆ ಕೊಟ್ಟರು. ಒಳಗೆ ಹೋಗಿ ದೋಸೆಯ ಮೇಲಿನ ಕಲ್ಲು ತೆಗೆದರು.

ನಾಮಪತ್ರದ ಕೊನೆಯ ದಿನ ಗೌಡರು ಬಾಗಿಲು ಹಾಕಿಕೊಂಡು ಒಳಗೇ ಕೂತರು, ಮೋಕ್ಷಿತ್ ಅವಿರೋಧವಾಗಿ ಗೆದ್ದ. ಮರುದಿನ ದೀಪ್ತಿಯ ಪ್ಲಾಸ್ಟರ್ ಬಿಚ್ಚಿದರು, ಇನ್ನು ಊರುಗೋಲನ್ನು ಜಾಸಿರನಿಗೆ ವಾಪಸು ಕೊಡಬೇಕಿತ್ತು. ಗೌಡರು ಅದನ್ನು ಹಿಡಿದುಕೊಂಡು ಕಡಬಕ್ಕೆ ಹೋದರು. ಜಾಸಿರ್ ಬಾಡಿಗೆಯ ಪುಸ್ತಕ ತೆರೆದ. ಗೌಡರಿಗೆ ನಾಲಿಗೆ ಒಣಗಿತು, ಮನಸ್ಸಿನಲ್ಲಿ ನಾಲ್ಕೂ ದೀಪ ಹೊತ್ತಿಕೊಂಡವು. ಅವರು ನಾಲ್ಕನ್ನೂ ಊದಿ ಆರಿಸಿದರು.

"ಜಾಸಿರ್, ಮನೆ ಹತ್ತಿರ ಮಂಗ ಉಂಟು. ಕೋವಿ ಬರುವವರೆಗೆ ಈ ಕೋಲು ನನ್ನ ಹತ್ತಿರ ಇರ್ಲಿ."

"ಇರ್ಲಿ," ಎಂದ ಜಾಸಿರ್, ಪುಸ್ತಕ ಮುಚ್ಚಿ.

ಅಷ್ಟೇ. ಗೌಡರು ಒಂದು ಕ್ಷಣ ಅಲ್ಲೇ ನಿಂತರು. ಕೇಳಿದ್ದು ಸಿಕ್ಕಿತ್ತು, ಏನನ್ನೂ ಕೊಟ್ಟು ಬರಬೇಕಾಗಿರಲಿಲ್ಲ. ಮಿಕ್ಸಿಯಿಂದ ಹಿಡಿದು ಏಣಿಯವರೆಗೆ ಎಲ್ಲವೂ ಅವರಿಗೆ ನೆನಪಾಯಿತು. ಹೊರಟವರು ಮೆಟ್ಟಿಲಿನಿಂದ ತಿರುಗಿ, ಹೃದಯ ತುಂಬಿ ಹೇಳಿದರು.

"ನಿನ್ನಂಥ ಒಳ್ಳೆ ಮನುಷ್ಯ ಈ ಪೇಟೆಯಲ್ಲೇ ಇಲ್ಲ ಮಾರಾಯ."

ಜಾಸಿರ್ ತಲೆಯೆತ್ತಿ, ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಕುಕ್ಕಪ್ಪಣ್ಣ, ಪಂಚಾಯತಿನ ನಾಮಪತ್ರ ಮುಗಿಯಿತಲ್ಲ. ಇನ್ನು ತಾಲೂಕು ಪಂಚಾಯತಿಗೆ ನಿಲ್ತೀರಾ?"

ಗೌಡರು ಬಾಯಿ ಮುಚ್ಚಿಕೊಂಡು ಕೋಲನ್ನು ಹೆಗಲಿಗೇರಿಸಿ ಬಸ್ಸು ಹತ್ತಿದರು. ಮುಂದಿನ ಸೀಟಿನಲ್ಲಿದ್ದವರು ಕೂಡಲೇ ಎದ್ದು ಜಾಗ ಬಿಟ್ಟರು. ಊರುಗೋಲನ್ನು ನೋಡಿ ಎದ್ದರೋ, ಸುದ್ದಿ ಇಲ್ಲಿಗೂ ಬಂದಿತ್ತೋ, ಗೌಡರು ಕೇಳಲಿಲ್ಲ.